ಕಣ್ಣು ಕಟ್ಟಿಕೊಂಡು ಕೇಳಪ್ಪಾ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂರು ಲಕ್ಷ ರೂಪಾಯಿ ತೆತ್ತು ‘ಡ್ಯಾಕ್’ ಕೊಂಡಿದ್ದಾನೆ. ಅಂಕಿಗಳಾಗಿ ಅಡಗಿರುವ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿಸುವ ಪೆಟ್ಟಿಗೆ ಅದು. “ಸಾರ್, ಮಲ್ಲಿಕಾರ್ಜುನ ಮನ್ಸೂರರು ಎದುರಿಗೇ ಕೂತಂತಿಲ್ಲವೇ?” ಎಂದ. ಬೆರಳುದಪ್ಪದ ಅಲ್ಯೂಮಿನಿಯಂ ಹೊದಿಕೆಯ ಅಂದಕ್ಕೆ ನಾನೂ ಮಾರುಹೋದೆ, ನಿಜ. ಆದರೆ ಕೇಳಿದ್ದು ಕಿವಿಯೋ, ಕಣ್ಣೋ?

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿವೆ. ಸುಮಾರು 20,000 ಹರ್ಟ್ಸ್‌ವರೆಗಿನ ಮನುಷ್ಯಶ್ರವಣಕ್ಕೆ ಅಷ್ಟು ಸಾಕು. (ನನ್ನ ವಯಸ್ಸಿಗೆ ಅದರ ಅರ್ಧವೇ ಹೆಚ್ಚು!) ಹಳೆಯ ಟೇಪಿನ ‘ಸ್ಸ್’ ಎಂಬ ಸದ್ದು ಇಂದಿನ ಒಳ್ಳೆಯ ಅಗ್ಗದ ಡ್ಯಾಕಿನ ಗದ್ದಲಕ್ಕಿಂತ ಎಷ್ಟೋ ಪಾಲು ಹೆಚ್ಚು. ಟೇಪಿನಲ್ಲಿಲ್ಲದ ಮನ್ಸೂರರನ್ನು ಯಾವ ಪೆಟ್ಟಿಗೆ ಕರೆತಂದೀತು?

ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಉನ್ನತ ದರ್ಜೆಯ ಮುದ್ರಣವನ್ನೂ ಅದನ್ನೇ ಸಿ.ಡಿ. ಮಟ್ಟಕ್ಕಿಳಿಸಿದ್ದನ್ನೂ ಹೆಸರು ಹೇಳದೆ ಕೇಳಿಸಿದರು. 554 ಬಾರಿಯಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಮಗಳ ಸಂಗೀತಪಾಠದ ಶುಲ್ಕಕ್ಕೆ ಹಿಂದೆಮುಂದೆ ನೋಡಿದವನು ನೀನು. ಆದ್ದರಿಂದಲೇ ನನಗೆ ಸಿಟ್ಟು. ಭಾನುವಾರ ಮೊಮ್ಮಗನ ಸಾವಿರ ರೂಪಾಯಿಯ ಡ್ಯಾಕ್ ತರುತ್ತೇನೆ. ತುಸು ಜೋರಾದದ್ದೇ ಇಂಪೆನಿಸುವುದರಿಂದ ಎರಡರ ಮಟ್ಟವನ್ನೂ ಮಲ್ಟಿಮೀಟರಿನಲ್ಲಿ ಅಳೆದು ಸರಿದೂಗಿಸೋಣ. ಟವೆಲ್ ನನ್ನದೇ. ಇಪ್ಪತ್ತು ಸಲ ಗುರುತಿಸು.