ನಲವತ್ತು ಫ್ರೇಮ್ ಸಾಕು

ಬೋಧನಾಭ್ಯಾಸ ಶುರುವಾಯಿತೆಂದರೆ ನಮ್ಮಲ್ಲಿ ಅನೇಕರ ನಿದ್ದೆಗೆಡಿಸುವುದು ಪಾಠಯೋಜನೆಯಲ್ಲ, ಅನಿಮೇಷನ್. ಒಂದು ನಿಮಿಷದ ವಿಡಿಯೊ ರೆಂಡರ್ ಆಗಲೆಂದು ರಾತ್ರಿಯೆಲ್ಲ ಲ್ಯಾಪ್‌ಟಾಪ್ ಕಾಯುತ್ತೇವೆ. ಮಕ್ಕಳಿಗೆ ಯಾವ ಪ್ರಶ್ನೆ ಕೇಳಬೇಕು ಎಂದು ಯೋಚಿಸಲು ಮಾತ್ರ ಸಮಯ ಉಳಿದಿರುವುದಿಲ್ಲ. ಕಡಿಮೆ ಕೆಲಸದಲ್ಲಿ ಅನಿಮೇಷನ್ ಮುಗಿಸುವುದೂ ಒಂದು ಬೋಧನಾ ಕೌಶಲ ಎಂಬುದು ನನ್ನ ಅಭಿಪ್ರಾಯ.

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರವನ್ನೇ ನೋಡಿ. ನಮ್ಮ ಚಿತ್ರದಲ್ಲಿ ಅದು 5 ಸೆಕೆಂಡಿಗೆ ಒಂದು ಸುತ್ತು ತಿರುಗಲಿ. ಸೆಕೆಂಡಿಗೆ 24 ಫ್ರೇಮ್‌ನಂತೆ 120 ಫ್ರೇಮ್ ಬೇಕು. ಆದರೆ ಮೂರು ರೆಕ್ಕೆಗಳೂ ಒಂದೇ ರೂಪದವು. 120 ಡಿಗ್ರಿ ತಿರುಗಿದರೆ ಚಿತ್ರ ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ 40 ಫ್ರೇಮ್ ಮಾಡಿ, ಅದನ್ನೇ ಲೂಪ್‌ನಲ್ಲಿ ಓಡಿಸಿದರೆ ಸಾಕು. ಒಂದು ಫ್ರೇಮ್ ರೆಂಡರ್ ಆಗಲು 10 ಸೆಕೆಂಡ್ ಹಿಡಿದರೆ, 20 ನಿಮಿಷದ ಕೆಲಸ 7 ನಿಮಿಷದೊಳಗೆ ಮುಗಿಯಿತು. ಗಣಿತದ ಆವರ್ತನ ಸಮಮಿತಿ ಇಲ್ಲಿ ನಮಗೇ ಉಪಯೋಗಕ್ಕೆ ಬಂತು.

ಬ್ಲೆಂಡರ್‌ನಲ್ಲಿ ಒಂದೇ ರೆಕ್ಕೆ ಬರೆದು, ಅದರ ಪ್ರತಿ ಮಾಡಿ, ಆರ್ ಕೀಲಿ ಒತ್ತಿ 120 ಎಂದು ಟೈಪ್ ಮಾಡಿದರೆ ಎರಡನೆಯದು ಸರಿಯಾದ ಜಾಗಕ್ಕೆ ಬರುತ್ತದೆ. ಮೊದಲ ಫ್ರೇಮ್‌ಗೆ 0 ಡಿಗ್ರಿ, 41ನೆಯದಕ್ಕೆ 120 ಡಿಗ್ರಿ ಕೀಫ್ರೇಮ್ ಕೊಟ್ಟು, ಅನಿಮೇಷನ್ನನ್ನು 40ಕ್ಕೇ ನಿಲ್ಲಿಸಬೇಕು. ಚಲನೆಯನ್ನು ಲೀನಿಯರ್ ಮಾಡುವುದನ್ನು ಮರೆತರೆ ರೆಕ್ಕೆ ಪ್ರತಿ ಲೂಪಿನ ಕೊನೆಗೂ ನಿಧಾನವಾಗಿ ಎಡವಿದಂತೆ ಕಾಣುತ್ತದೆ. ಭಾಗಗಳ ಹೆಸರನ್ನು ವಿಡಿಯೊದೊಳಗೆ ಸೇರಿಸದೆ ಸ್ಲೈಡ್‌ನಲ್ಲಿ ಮೇಲಿಂದ ಇಟ್ಟರೆ, ಒಂದು ಅಕ್ಷರ ತಿದ್ದಲು ಮತ್ತೆ ರೆಂಡರ್ ಮಾಡಬೇಕಿಲ್ಲ.

ಕಿಟಕಿಯಾಚೆ ಗಾಳಿಯಂತ್ರವೇ ಕಾಣುವಾಗ ಅದರ ಅನಿಮೇಷನ್ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಣ್ಣಿಗೆ ಕಾಣುವುದನ್ನು ಹೊರಗೆ ಕರೆದೊಯ್ದೇ ತೋರಿಸೋಣ. ಅನಿಮೇಷನ್ ಬೇಕಾಗುವುದು ರೆಕ್ಕೆಯ ಹಿಂದಿನ ಪೆಟ್ಟಿಗೆಯೊಳಗಿನದಕ್ಕೆ. ಹಲವು ಯಂತ್ರಗಳಲ್ಲಿ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗುವ ದಂಡವು ಗೇರ್‌ಗಳ ಮೂಲಕ ಜನರೇಟರನ್ನು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ. ಮಕ್ಕಳು ಊಹಿಸಲಾರದ್ದು ಅದು. ಅಲ್ಲಿ ಚಲಿಸಬೇಕಾದುದು ಆ ಭಾಗಗಳು ಮಾತ್ರ. ಮೋಡ, ಹಕ್ಕಿ, ಹಾರಿ ಬರುವ ಶೀರ್ಷಿಕೆ ಯಾವುದೂ ಬೇಡ.

ತೊಗಲುಗೊಂಬೆ ಆಡಿಸುವವರು ಪ್ರತಿ ಪ್ರಸಂಗಕ್ಕೂ ಹೊಸ ತೊಗಲು ಕತ್ತರಿಸುವುದಿಲ್ಲ. ಇರುವ ಗೊಂಬೆಗಳನ್ನೇ ಮತ್ತೆ ಮತ್ತೆ ಪರದೆಗೆ ತರುತ್ತಾರೆ. ನಾವು ಮಾತ್ರ ಪ್ರತಿ ವರ್ಷ, ಪ್ರತಿಯೊಬ್ಬರೂ, ಮೊದಲಿನಿಂದ ಶುರು ಮಾಡುತ್ತೇವೆ. ಆದ್ದರಿಂದ ಒಂದು ಸಲಹೆ: ಪಾಠಯೋಜನೆಯ ಜೊತೆ ವಿಡಿಯೊ ಮಾತ್ರವಲ್ಲ, ತಿದ್ದಲು ಬರುವ ಮೂಲ ಫೈಲನ್ನೂ ಕಾಲೇಜಿಗೆ ಒಪ್ಪಿಸೋಣ. ಈ ವರ್ಷ ಹಿರಿಯೂರಿನಲ್ಲಿ ಪಾಠ ಮಾಡಿದವರ ಗೇರು, ಮುಂದಿನ ವರ್ಷ ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಪಾಠ ಮಾಡುವವರ ಸ್ಲೈಡ್‌ನಲ್ಲಿ ತಿರುಗಲಿ. ಉಳಿದ ರಾತ್ರಿಯಲ್ಲಿ ಅವರು ನಾಲ್ಕು ಒಳ್ಳೆಯ ಪ್ರಶ್ನೆ ಬರೆದುಕೊಳ್ಳಬಹುದು.