ಫಾರ್ಮ್ಯಾಟ್ ಮಾಡ್ಲಾ ಅಂದ್ರೆ ಬೇಡ ಅನ್ನಿ

ಚಿಕ್ಕಜಾಲದ ಒಂದು ಮನೆಯಿಂದ ನಮ್ಮ ಸಂಘಕ್ಕೆ ಚಪ್ಪಲಿ ಡಬ್ಬದ ತುಂಬ ಫ್ಲಾಪಿ ಬಂದವು. "ಅಪ್ಪ ಬರೆದ ನಾಟಕ ಇರ್ಬೇಕು, ತೆಗೆದುಕೊಡ್ತೀರಾ?" ಅಂದರು. ಮೊದಲನೆಯದನ್ನು ಯುಎಸ್‌ಬಿ ಡ್ರೈವ್‌ಗೆ ಹಾಕಿದೆವು. ಫಾರ್ಮ್ಯಾಟ್ ಮಾಡಲೇ ಅಂತ ವಿಂಡೋಸ್ ಕೇಳಿತು. ನಮ್ಮಲ್ಲೊಬ್ಬ ಕ್ವಿಕ್ ಫಾರ್ಮ್ಯಾಟ್ ಕೊಟ್ಟೇಬಿಟ್ಟ. ಫೈಲುಗಳ ಪಟ್ಟಿ ಅಲ್ಲಿಗೆ ಮುಗೀತು.

ಆ ಪ್ರಶ್ನೆಗೆ ಡಿಸ್ಕ್ ಖಾಲಿ ಇದೆ ಅಂತ ಅರ್ಥ ಅಲ್ಲ. ಇದು ಯಾವ ಫೈಲ್ ಸಿಸ್ಟಮ್ ಅಂತ ತನಗೆ ಗೊತ್ತಾಗಲಿಲ್ಲ ಅಂತಷ್ಟೇ. ಗೊತ್ತು ಮಾಡಿಕೊಳ್ಳುವ ಕೆಲಸ ನಮ್ಮದು. ಓಎಸ್ ಪೇಪರ್‌ನಲ್ಲಿ ಹತ್ತು ಮಾರ್ಕಿಗೆ ಬರೆದು ಮರೆತ ಪಾಠ ಇದೇ.

ಮೊದಲು ರೈಟ್ ಪ್ರೊಟೆಕ್ಟ್. 3.5 ಇಂಚಿನದರಲ್ಲಿ ಮೂಲೆಯ ಕಿಂಡಿ ತೆರೆದಿರಬೇಕು, 5.25 ಇಂಚಿನದರಲ್ಲಿ ಪಕ್ಕದ ಕಚ್ಚನ್ನು ಮುಚ್ಚಬೇಕು. ಪೂರ್ತಿ ಉಲ್ಟಾ! ಆಮೇಲೆ ಲಿನಕ್ಸ್‌ನ ಡಿಡಿಯಲ್ಲಿ ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. 1.44 ಎಂಬಿಯದಾದರೆ ಸರಿಯಾಗಿ 14,74,560 ಬೈಟ್. ಪರೀಕ್ಷೆ ಏನಿದ್ದರೂ ಆ ಇಮೇಜ್ ಮೇಲೆ.

ಡಾಸ್ ಫ್ಲಾಪಿಯಾದರೆ ಸಾಮಾನ್ಯವಾಗಿ ಮೊದಲ 512 ಬೈಟ್‌ಗಳ ಕೊನೆಗೆ ಹೆಕ್ಸ್‌ನಲ್ಲಿ 55 ಎಎ ಕಾಣುತ್ತೆ. ಇಲ್ಲದಿದ್ದರೆ ಗಾಬರಿ ಬೇಡ, ಮುಂದಿನ ಸೆಕ್ಟರ್‌ನ ಮೊದಲ ಬೈಟ್ ನೋಡಿ: 1.44 ಎಂಬಿಗೆ ಎಫ್0, 720 ಕೆಬಿಗೆ ಎಫ್9, 360 ಕೆಬಿಗೆ ಎಫ್‌ಡಿ. ಸಿಪಿ/ಎಂ ಡಿಸ್ಕಿಗೆ ಇಂಥ ಗುರುತೇ ಇಲ್ಲ. 32 ಬೈಟಿಗೊಂದರಂತೆ ಫೈಲ್ ಹೆಸರು, ಖಾಲಿ ಜಾಗದಲ್ಲಿ ಸಾಲಾಗಿ ಇ5 ಕಂಡರೆ ಅನುಮಾನ ಪಡಬೇಕು. ಒಂದೇ ಗುರುತು ನಂಬಿ ತೀರ್ಪು ಕೊಡಬೇಡಿ. ಡಿಸ್ಕಿನ ಮೇಲಿನ ಚೀಟಿಯನ್ನಂತೂ ನಂಬಲೇಬೇಡಿ.

ಡ್ರೈವ್ ಓದಲೇ ಇಲ್ಲ ಅಂದರೂ ಡಿಸ್ಕ್ ಸತ್ತಿದೆ ಅಂತಲ್ಲ. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದಿತ್ತು. ಅದರ ಡಿಎಫ್‌ಎಸ್‌ನಲ್ಲಿ ಸೆಕ್ಟರ್ 256 ಬೈಟ್, ಬರೆಯುವ ರೀತಿಯೇ ಬೇರೆ. ಹಳೆಯ ಮ್ಯಾಕ್‌ನ 400, 800 ಕೆಬಿ ಡಿಸ್ಕುಗಳದ್ದೂ ಅದೇ ಕತೆ. ಇವಕ್ಕೆ ಗ್ರೀಸ್‌ವೀಝಲ್‌ನಂಥ ಬೋರ್ಡ್ ಮತ್ತು ಹಳೆಯ ಪಿಸಿಯೊಳಗಿನ ಡ್ರೈವ್ ಬೇಕು. ಅದಕ್ಕೇ ಹೇಳ್ತಿರೋದು, ಲ್ಯಾಬ್‌ನ ಹಳೆಯ ಪಿಸಿಗಳನ್ನು ಗುಜರಿಗೆ ಹಾಕೋ ಮುಂಚೆ ಡ್ರೈವ್‌ಗಳನ್ನಾದರೂ ಬಿಚ್ಚಿಟ್ಟುಕೊಳ್ಳಿ.

ಕನ್ನಡದ ಡಿಸ್ಕಿಗೆ ಇನ್ನೊಂದು ಬೀಗ ಇದೆ. ಫೈಲ್ ಸಿಕ್ಕಿತು, ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಇಸ್ಕಿಯಲ್ಲಿದ್ದರೆ ಪುಣ್ಯ: ಅದರಲ್ಲಿ ಅಕ್ಷರಕ್ಕೊಂದು ನಿಗದಿತ ಸಂಖ್ಯೆ, ಕ ಅಂದರೆ ಬಿ3. ಆದರೆ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಅಕ್ಷರದ ತುಂಡು ತುಂಡಿಗೂ ಒಂದೊಂದು ಸಂಖ್ಯೆ, ಅದೂ ಫಾಂಟಿಗೊಂದು ಥರ. ನುಡಿ, ಬರಹಗಳ ಹಳೆಯ ಫಾಂಟ್‌ಗೆ ಪರಿವರ್ತಕ ಇವೆ. ಬೇರೆಯವಕ್ಕೆ ಆ ಫಾಂಟೇ ಬೇಕು, ಅದು ಬಹುಶಃ ಅದೇ ಡಬ್ಬದ "ಸಾಫ್ಟ್‌ವೇರ್" ಅಂತ ಬರೆದಿರುವ ಫ್ಲಾಪಿಯಲ್ಲಿರುತ್ತೆ. ಅದನ್ನು ಬಿಸಾಡಬೇಡಿ.

ಉಳಿದ ಡಿಸ್ಕುಗಳ ಇಮೇಜ್ ಆಗಿದೆ. ನಾಟಕದ ಎರಡು ಅಂಕ ಸಿಕ್ಕಿವೆ, ಇಸ್ಕಿಯಲ್ಲೇ. ಮೂರನೆಯದು ನಾವು ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿತ್ತು. ಕ್ವಿಕ್ ಫಾರ್ಮ್ಯಾಟ್ ಆದ್ದರಿಂದ ಮಾತುಗಳು ಸೆಕ್ಟರ್‌ಗಳಲ್ಲಿ ಇನ್ನೂ ಇವೆ, ಯಾವುದರ ಮುಂದೆ ಯಾವುದು ಅನ್ನೋದು ಮಾತ್ರ ಹೋಗಿದೆ. 512 ಬೈಟಿನ ಚೂರುಗಳನ್ನು ಓದಿ ಓದಿ ಜೋಡಿಸ್ತಿದ್ದೀವಿ. ಶನಿವಾರ ಮಧ್ಯಾಹ್ನ ಬಿಡುವಿದ್ದೋರು ಬನ್ನಿ.