ಲಾಂಛನ ಮತ್ತು ಕಾಯಕ: ಪದವಿ ಕಾಲೇಜೊಂದರ ಪರಂಪರೆಯನ್ನು ಕುರಿತು

ಕನ್ನಡ ಸಂಶೋಧನೆಯ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಮೈಸೂರು, ಧಾರವಾಡ, ಬೆಂಗಳೂರು, ಹಂಪಿ ಎಂಬ ನೆಲೆಗಳನ್ನು ಹಾದು ಹೋಗುತ್ತಾರೆ. ವಿಶ್ವವಿದ್ಯಾಲಯಗಳ ಪೀಠಗಳು, ಅಧ್ಯಯನ ಸಂಸ್ಥೆಗಳು, ಪ್ರಸಾರಾಂಗಗಳು ಈ ಚರಿತ್ರೆಯ ನಾಯಕರು. ಪದವಿ ಕಾಲೇಜು ಇದರಲ್ಲಿ ಕಾಣಿಸಿಕೊಳ್ಳುವುದು ಸ್ನಾತಕೋತ್ತರ ವಿಭಾಗಗಳಿಗೆ ವಿದ್ಯಾರ್ಥಿಗಳನ್ನು ಒದಗಿಸುವ ತಾಣವಾಗಿ ಮಾತ್ರ. ಹೀಗಾಗಿ ಕಾಲೇಜಿನ ಪರಂಪರೆ ಎಂದೊಡನೆ ಲಾಂಛನ, ಧ್ಯೇಯವಾಕ್ಯ, ಸ್ಥಾಪಕರ ಭಾವಚಿತ್ರ, ವಾರ್ಷಿಕೋತ್ಸವಗಳಷ್ಟೇ ನೆನಪಿಗೆ ಬರುತ್ತವೆ. ಸುವರ್ಣ ಮಹೋತ್ಸವಗಳ ಸ್ಮರಣ ಸಂಚಿಕೆಗಳು ಈ ಗ್ರಹಿಕೆಯನ್ನು ಇನ್ನಷ್ಟು ಗಟ್ಟಿಗೊಳಿಸಿವೆ. ಈ ಗ್ರಹಿಕೆ ಎಷ್ಟು ಅಪೂರ್ಣವಾದುದು ಎಂಬುದನ್ನು ಅರಿಯಲು ಉಡುಪಿಯ ಕುಂಜಿಬೆಟ್ಟಿನಲ್ಲಿರುವ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ನಿದರ್ಶನ ಸಾಕು.

ಗಾಂಧೀಜಿ ಹತ್ಯೆಯಾದ ಮರುವರ್ಷ, 1949ರಲ್ಲಿ, ಡಾ. ಟಿ.ಎಂ.ಎ. ಪೈ ಅವರ ಮುಂದಾಳ್ತನದಲ್ಲಿ ಈ ಕಾಲೇಜು ಆರಂಭವಾಯಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಕಾಲೇಜು ಸೇರಿಕೊಂಡದ್ದೂ ಮದರಾಸು ವಿಶ್ವವಿದ್ಯಾಲಯಕ್ಕೆ. ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರು ವಿಶ್ವವಿದ್ಯಾಲಯ, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ. ಒಂದೇ ಕಟ್ಟಡದಲ್ಲಿ ಓದಿದ ಮೂರು ತಲೆಮಾರಿನವರ ಪದವಿ ಪತ್ರಗಳ ಮೇಲೆ ಮೂರು ಬೇರೆ ಬೇರೆ ಮುದ್ರೆಗಳಿವೆ. ಲಾಂಛನವೇ ಪರಂಪರೆಯ ಸಾಕ್ಷಿ ಎನ್ನುವುದಾದರೆ ಈ ಕಾಲೇಜಿಗೆ ಒಂದು ಪರಂಪರೆಯೇ ಇಲ್ಲವೆನ್ನಬೇಕಾಗುತ್ತದೆ.

ಆದರೆ ಇಲ್ಲಿ ನಡೆದದ್ದು ಬೇರೆ. ಕಾಲೇಜು ಹುಟ್ಟಿದ ವರ್ಷವೇ ಮದರಾಸು ಸರಕಾರ ಮಂಜೇಶ್ವರದ ಗೋವಿಂದ ಪೈ ಅವರಿಗೆ ರಾಷ್ಟ್ರಕವಿ ಬಿರುದನ್ನು ನೀಡಿತು. ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವೇನೂ ಇರಲಿಲ್ಲ. ಸಂಬಂಧ ಒದಗಿದ್ದು ಆಮೇಲೆ. 1956ರ ಗಡಿ ನಿರ್ಣಯದಲ್ಲಿ ಮಂಜೇಶ್ವರ ಕೇರಳದ ಪಾಲಾಯಿತು. 1963ರಲ್ಲಿ ಪೈಗಳು ನಿಧನರಾದ ಬಳಿಕ ಅವರ ಗ್ರಂಥಭಂಡಾರ ಉಡುಪಿಯ ಈ ಕಾಲೇಜಿಗೆ ಬಂದಿತು. ಕವಿಯ ಮನೆ ಗಡಿಯ ಆಚೆಗೆ, ಕವಿ ಓದಿದ ಪುಸ್ತಕಗಳು ಈಚೆಗೆ. ಆದಿಪ್ರಾಸವನ್ನು ಬಿಟ್ಟ ಕವಿಯೆಂದು ಗೋವಿಂದ ಪೈಗಳನ್ನು ಪಠ್ಯಪುಸ್ತಕಗಳು ಪರಿಚಯಿಸುತ್ತವೆ. ಕನ್ನಡ ಕವಿಗಳ ಕಾಲನಿರ್ಣಯಕ್ಕಾಗಿ, ತುಳುನಾಡಿನ ಪ್ರಾಚೀನ ಚರಿತ್ರೆಗಾಗಿ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದೊಳಗಿನ ಕನ್ನಡವೆನ್ನಲಾದ ಮಾತುಗಳಿಗಾಗಿ ಹತ್ತಾರು ಭಾಷೆಗಳ ಆಕರಗಳನ್ನು ಶೋಧಿಸಿದ ಪಂಡಿತನ ಪರಿಚಯವಾಗಬೇಕಾದರೆ ಆ ಪುಸ್ತಕಗಳ ಎದುರು ನಿಲ್ಲಬೇಕು. ಅವುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ಅದೊಂದು ಸ್ಮಾರಕವಾಗುತ್ತಿತ್ತು, ಅಷ್ಟೆ. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರೂ ಅವರ ಸಹೋದ್ಯೋಗಿಗಳೂ ಅದರ ಆಸರೆಯಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವನ್ನು ಬೆಳೆಸಿದರು.

ಈ ಕೇಂದ್ರದ ಅತಿ ದೊಡ್ಡ ಕೆಲಸ ತುಳು ನಿಘಂಟು. ಅದಕ್ಕೆ ಮುನ್ನ ವಿದ್ವಾಂಸರ ಕೈಗೆ ಸಿಗುತ್ತಿದ್ದುದು ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ಪ್ರಕಟಿಸಿದ ತುಳು-ಇಂಗ್ಲಿಷ್ ಕೋಶ. 1979ರಲ್ಲಿ ಆರಂಭವಾದ ಹೊಸ ಯೋಜನೆ ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳಾಗಿ ಹೊರಬಂದಿತು. ಊರಿಂದೂರಿಗೆ, ಜಾತಿಯಿಂದ ಜಾತಿಗೆ ಬದಲಾಗುವ ತುಳುವಿನ ರೂಪಗಳು, ಪದಾದಿಯ ತ, ಸ, ಹ ವ್ಯತ್ಯಾಸಗಳು, ಪಾಡ್ದನಗಳ ಮಾತು, ಕೃಷಿಯ ಮಾತು ಇವೆಲ್ಲವನ್ನೂ ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಂದಿಗೆ ಒಂದೆಡೆ ಸೇರಿಸಿದ ಕೆಲಸವಿದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ರಾಜಧಾನಿಯ ಬೆಂಬಲವಿತ್ತು. ತುಳುವಿಗೆ ಅಂಥ ಯಾವ ಅಧಿಕೃತ ಸ್ಥಾನವೂ ಇಲ್ಲದ ಕಾಲದಲ್ಲಿ ಕಾಲೇಜೊಂದರ ಆವರಣದಲ್ಲಿ ಈ ಕೆಲಸ ಪೂರ್ಣಗೊಂಡಿತು. ಕೊನೆಯ ಸಂಪುಟ ಬಂದ 1997ರಲ್ಲೇ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು ಎನ್ನುವುದು ಗಮನಾರ್ಹ: ಊರಿಗೆ ಜಿಲ್ಲಾಧಿಕಾರಿ ಬರುವ ಹೊತ್ತಿಗೆ ಆಡುಮಾತಿನ ಕೋಶ ಸಿದ್ಧವಾಗಿತ್ತು. ಇಷ್ಟಾಗಿಯೂ ಕನ್ನಡ ನಾಡಿನ ಕೋಶರಚನೆಯ ಇತಿಹಾಸ ಹೇಳುವಾಗ ಈ ನಿಘಂಟಿಗೆ ಒಂದೆರಡು ಸಾಲು, ಅದು ರೂಪುಗೊಂಡ ಕಾಲೇಜಿಗೆ ಅದೂ ಇಲ್ಲ.

ಯಕ್ಷಗಾನ ಕೇಂದ್ರದ ಕಥೆ ಇದಕ್ಕೆ ಪೂರಕವಾದುದು. 1970ರ ದಶಕದ ಆರಂಭದಲ್ಲಿ, ಶಿವರಾಮ ಕಾರಂತ ಮತ್ತು ಹರಿದಾಸ ಭಟ್ಟರ ಆಸ್ಥೆಯಿಂದ, ಬಡಗುತಿಟ್ಟಿನ ಕಲಿಕೆಗೆ ಕಾಲೇಜಿನ ಆಶ್ರಯದಲ್ಲಿ ಒಂದು ಕೇಂದ್ರ ತೆರೆಯಿತು. ಮದ್ದಳೆಗಾರ ಹಿರಿಯಡಕ ಗೋಪಾಲ ರಾವ್ ಅಲ್ಲಿ ಗುರುಗಳಾದರು. ನೂರು ವರ್ಷ ತುಂಬಿ 2020ರಲ್ಲಿ ತೀರಿಕೊಂಡ ಈ ಕಲಾವಿದರು ಮೇಳದ ತಿರುಗಾಟದಲ್ಲಿ ಕಲಿತದ್ದನ್ನು ಪಾಠದ ಕ್ರಮಕ್ಕೆ ಒಗ್ಗಿಸಬೇಕಾಯಿತು. ಇರುಳಿಡೀ ನಡೆಯುವ ಆಟದ ವಿದ್ಯೆಯನ್ನು ಗಂಟೆಗಳ ವೇಳಾಪಟ್ಟಿಗೆ ತರುವುದರಲ್ಲಿ ಕಳೆದುಹೋಗುವುದೂ ಉಂಟು, ಉಳಿಯುವುದೂ ಉಂಟು. ಕಾರಂತರ ಪ್ರಯೋಗಗಳ ಬಗೆಗೆ ಸಂಪ್ರದಾಯಸ್ಥರಿಗಿದ್ದ ಆಕ್ಷೇಪಗಳು ಇಂದಿಗೂ ಪೂರ್ತಿ ತಣಿದಿಲ್ಲ. ಆದರೂ ಪದವಿ ಕಾಲೇಜೊಂದು ಪದವಿಯೇ ಇಲ್ಲದ ಕಲಾವಿದರನ್ನು ಗುರುಪೀಠದಲ್ಲಿ ಕೂರಿಸಿತೆಂಬುದು ಸಣ್ಣ ಸಂಗತಿಯಲ್ಲ. ನೇಮಕಾತಿಗೆ ಅರ್ಹತಾ ಪರೀಕ್ಷೆಗಳ ಪ್ರಮಾಣಪತ್ರ ಕೇಳುವ ಇಂದಿನ ವ್ಯವಸ್ಥೆಯಲ್ಲಿ ಅಂಥದೊಂದು ನಿರ್ಧಾರ ಕಡತದ ಮೊದಲ ಮೇಜನ್ನೂ ದಾಟಲಾರದು.

ಇನ್ನು ಸಂಕೇತಗಳ ಮಾತು. ಆವರಣದ ಸಭಾಸ್ಥಳಗಳಲ್ಲಿ ಒಂದಕ್ಕೆ ಮುದ್ದಣನ ಹೆಸರಿದೆ, ಇನ್ನೊಂದಕ್ಕೆ ರವೀಂದ್ರರ ಹೆಸರಿದೆ. ರವೀಂದ್ರರ ಹೆಸರು ಆ ಕಾಲದಲ್ಲಿ ದೇಶದ ಎಲ್ಲ ಊರುಗಳಲ್ಲೂ ಸಿಗುವಂಥದು. ಮುದ್ದಣನದು ಹಾಗಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ತನ್ನ ಕೃತಿಗಳನ್ನು ಹಳೆಯ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗಳಿಗೆ ಕಳುಹಿಸಿ ಕರ್ತೃತ್ವವನ್ನೇ ಮರೆಮಾಚಿದವನು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ಕ್ಷಯಕ್ಕೆ ಬಲಿಯಾದವನು. ಹೆಸರು ಅಡಗಿಸಿದವನ ಹೆಸರನ್ನು ಊರಿನ ಕಾಲೇಜು ಫಲಕದಲ್ಲಿ ಬರೆಸಿತು. ಈ ಸಂಕೇತಕ್ಕೆ ಅರ್ಥ ಬಂದಿರುವುದು ಆತನ ಯಕ್ಷಗಾನ ಪ್ರಸಂಗಗಳನ್ನು ಬಲ್ಲ ಕಲಾವಿದರು ಅದೇ ಸಂಸ್ಥೆಯ ಆಸರೆಯಲ್ಲಿದ್ದುದರಿಂದ. ಬಳಕೆಯ ಬೆಂಬಲವಿಲ್ಲದಿದ್ದರೆ ಮುದ್ದಣ ಮಂಟಪವೂ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ಸ್ಥಳ ಸೂಚಿಸುವ ಒಂದು ಪದವಷ್ಟೇ ಆಗುತ್ತದೆ.

ಈ ಪರಂಪರೆಯನ್ನು ವಿಮರ್ಶೆಯಿಲ್ಲದೆ ಕೊಂಡಾಡುವುದೂ ತರವಲ್ಲ. ನಿಘಂಟಿಗೆ ಪದಗಳನ್ನು ಕೊಟ್ಟವರಲ್ಲಿ ನೇಜಿ ನೆಡುತ್ತ ಪಾಡ್ದನ ಹಾಡುವ ಹೆಂಗಸರಿದ್ದಾರೆ, ಭೂತ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯಗಳಿವೆ. ಅವರು ವಿದ್ವತ್ತಿನ ಲೋಕಕ್ಕೆ ಬಂದದ್ದು ವಕ್ತೃಗಳಾಗಿ. ವಕ್ತೃವಿನ ಮಗಳು ಅದೇ ಆವರಣದ ತರಗತಿಗೆ ವಿದ್ಯಾರ್ಥಿನಿಯಾಗಿ, ಅಲ್ಲಿಂದ ಸಂಶೋಧಕಿಯಾಗಿ ಬರುವ ಹಾದಿ ಎಷ್ಟು ಸುಗಮವಾಯಿತು? ಕರಾವಳಿಯ ಜಾನಪದ ಅಧ್ಯಯನಗಳೆಲ್ಲ ಎದುರಿಸಬೇಕಾದ ಪ್ರಶ್ನೆಯಿದು. ಕಾಲೇಜೊಂದರ ಮೇಲೆ ಮಾತ್ರ ಹೊರಿಸಿ ವಿಶ್ವವಿದ್ಯಾಲಯಗಳು ಕೈತೊಳೆದುಕೊಳ್ಳುವಂತಿಲ್ಲ.

ಇದಕ್ಕಿಂತ ತುರ್ತಿನ ಆತಂಕ ತರಗತಿಗೂ ಕೇಂದ್ರಗಳಿಗೂ ನಡುವೆ ಬೆಳೆಯುತ್ತಿರುವ ಅಂತರದ್ದು. ಈ ಆತಂಕ ಉಡುಪಿಗಷ್ಟೇ ಸೀಮಿತವಲ್ಲ. ಕಾಲೇಜುಗಳಲ್ಲಿ ಐಚ್ಛಿಕ ಕನ್ನಡ ಓದುವವರು ವಿರಳವಾಗುತ್ತಿದ್ದಾರೆ. 2021ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಕ್ರಮ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು; ಪ್ರತಿ ಬದಲಾವಣೆಯಲ್ಲೂ ಪಠ್ಯ ಸಿದ್ಧವಾಗುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ, ಆಯಾ ಕಾಲೇಜಿನ ಕಪಾಟಿನಲ್ಲಿ ಏನಿದೆಯೆಂಬ ಪರಿವೆಯಿಲ್ಲದೆ. ಎಲ್ಲ ಕಾಲೇಜುಗಳಿಗೂ ಒಂದೇ ಪಠ್ಯ ಎಂಬ ನಿಯಮ ಮೌಲ್ಯಮಾಪನಕ್ಕೆ ಅನುಕೂಲಕರ. ಗೋವಿಂದ ಪೈಗಳ ಪುಸ್ತಕಗಳಿಂದ ಕೂಗಳತೆ ದೂರದಲ್ಲಿ ಕುಳಿತ ವಿದ್ಯಾರ್ಥಿಯೂ ಅವರ ಒಂದು ಕವಿತೆಯ ಸಾರಾಂಶ ಬರೆದು ಹೊರಟುಹೋಗುವಂತೆ ಮಾಡುವುದೂ ಅದೇ ನಿಯಮ.

ವಿಶ್ವವಿದ್ಯಾಲಯಗಳು ಇಲ್ಲಿ ಮಾಡಬಹುದಾದದ್ದು ಹೆಚ್ಚೇನಲ್ಲ. ಐಚ್ಛಿಕ ಕನ್ನಡದ ಒಂದು ಪತ್ರಿಕೆಯನ್ನು ಸ್ಥಳೀಯ ಆಕರಗಳಿಗೆ ಬಿಟ್ಟುಕೊಡುವುದು. ಅದರ ಪಾಠ, ಪರೀಕ್ಷೆ ಎರಡನ್ನೂ ಕಾಲೇಜಿಗೇ ಒಪ್ಪಿಸುವುದು. ಉಡುಪಿಯ ವಿದ್ಯಾರ್ಥಿನಿ ನಿಘಂಟಿನ ಒಂದು ಪುಟವನ್ನು ತನ್ನ ಅಜ್ಜಿಯ ಮಾತಿನೊಂದಿಗೆ ಹೋಲಿಸಿ, ಸಂಪುಟಗಳಲ್ಲಿ ಇಲ್ಲದ ಪದಗಳ ಪಟ್ಟಿ ತರಬಹುದು. 1997ರ ಬಳಿಕ ಬೇಸಾಯ ಬಿಟ್ಟ ಗದ್ದೆಗಳೊಂದಿಗೆ ಬಾಯಿಂದ ಮರೆಯಾದ ಪದಗಳೂ ಆ ಪಟ್ಟಿಗೆ ಸೇರಬೇಕು. ಅದಕ್ಕೆ ಅಂಕ ಕೊಡಲು ನಿಯಮಾವಳಿಯಲ್ಲಿ ಸದ್ಯಕ್ಕೆ ಅಂಕಣವಿಲ್ಲ.